ಬುರೈದಾದಲ್ಲಿ ಪಗಾರವಿಲ್ಲ, ಪಾಸ್‌ಪೋರ್ಟ್ ಕಫೀಲನ ಕೈಯಲ್ಲಿ: ಸವಣೂರಿನಲ್ಲಿ ಕೂತು ಏನು ಮಾಡಬಹುದು?

ಪ್ರಶ್ನೆ: ವಕೀಲ ಸಾಹೇಬ್ರಿಗೆ ನಮಸ್ಕಾರ. ನಮ್ದು ಸವಣೂರು ತಾಲ್ಲೂಕಿನ ಒಂದು ಹಳ್ಳಿ. ನನ್ನ ತಮ್ಮಗ 27 ವರ್ಷ, ಒಂಬತ್ತನೇತ್ತಕ್ಕ ಸಾಲಿ ಬಿಟ್ಟಾನ. ಹುಬ್ಬಳ್ಳಿ ಎಪಿಎಂಸಿಯೊಳಗ ಟಾಟಾ ಏಸ್ ಹೊಡೀತಿದ್ದ. ಹುಬ್ಬಳ್ಳಿಯ ಏಜೆಂಟ ಒಬ್ಬ, ಸೌದಿಯೊಳಗ ಕಂಪನಿ ಡ್ರೈವರ್ ಕೆಲಸ ಐತಿ, ತಿಂಗಳಿಗೆ 1,800 ರಿಯಾಲ್, ‘ಆಜಾದ್ ವೀಸಾ’, ಯಾವಾಗ ಬೇಕಾದ್ರೂ ಕೆಲಸ ಬದಲಿ ಮಾಡಬಹುದು ಅಂತ ಹೇಳಿ 1 ಲಕ್ಷ 40 ಸಾವಿರ ಇಸ್ಕೊಂಡ. 60 ಸಾವಿರ ಫೋನ್‌ಪೇ ಮಾಡೀವಿ, ಉಳಿದದ್ದು ಕೈಯಾಗ ಕೊಟ್ಟೀವಿ, ಪಾವತಿ ಕೊಟ್ಟಿಲ್ಲ. ಎಲ್ಲಾ ಹೊಲ ಅಡವಿಟ್ಟು ಮೂರು ರೂಪಾಯಿ ಬಡ್ಡಿಲೆ ತಂದ ರೊಕ್ಕ. ಮುಂಬೈ ಮ್ಯಾಲಿಂದ ಹೋದ. ಹೋದಮ್ಯಾಲೆ ನೋಡಿದ್ರ ಬುರೈದಾ ಹತ್ರ ಒಬ್ಬರ ಮನಿ ಡ್ರೈವರ್, ಪಗಾರ 1,200. ಅದರ ಜೋಡಿ ತ್ವಾಟಕ್ಕ ನೀರು ಹಾಯಿಸೋದು, ಒಂಟಿ ಮೇಯಿಸೋದು ಎಲ್ಲಾ ಇವನ ಮ್ಯಾಲೆ. ನಾಲ್ಕು ತಿಂಗಳಿಂದ ಪಗಾರ ಇಲ್ಲ, ಪಾಸ್‌ಪೋರ್ಟ್ ಮಾಲಕನ ಕಡೆ ಐತಿ. ರಿಯಾದ್‌ನಾಗ ಇರೋ ಪರಿಚಯದವ್ರು ‘ಅಲ್ಲಿಂದ ಓಡಿ ಬಾ, ನಾವು ಕೆಲಸ ಕೊಡಸ್ತೀವಿ’ ಅನ್ನಾಕತ್ತಾರ. ನಮ್ಮವ್ವ ‘ರೊಕ್ಕ ಹೋದ್ರ ಹೋಗ್ಲಿ, ಮಗ ಬಂದ್ರ ಸಾಕು’ ಅಂತಾಳ. ಏಜೆಂಟ ಫೋನ್ ಎತ್ತವಲ್ಲ. ಇದರ ನಡುವ ಸಣ್ಣ ತಮ್ಮಗ (ಎಸ್ಸೆಸ್ಸೆಲ್ಸಿ ಪಾಸ್) ವಿಜಿಟ್ ವೀಸಾ ಮ್ಯಾಲೆ ದುಬೈಗೆ ಕಳಸ್ತೀನಿ ಅಂತ ಇನ್ನೊಬ್ಬ ಬಂದಾನ. ಏನ್ ಮಾಡಬೇಕ್ರಿ?

ಉತ್ತರ: ಇದನ್ನು ಓದಿ ಮುಗಿಸುವುದಕ್ಕೂ ಮೊದಲು ತಮ್ಮನಿಗೆ ಒಂದು ವಾಯ್ಸ್ ಮೆಸೇಜ್ ಹಾಕಿ: ರಿಯಾದ್‌ಗೆ ಓಡಬೇಡ. ಪರಿಚಯದವರು ಕೇಡು ಬಯಸಿ ಹೇಳುತ್ತಿಲ್ಲ. ಅವರಲ್ಲೂ ಕೆಲವರು ಹಾಗೇ ಬಂದವರಿರಬಹುದು. ಆದರೆ ಅವನು ಆ ಮನೆ ಬಿಟ್ಟು ಬೇರೆ ಕಡೆ ಕೆಲಸಕ್ಕೆ ನಿಂತ ಗಳಿಗೆಯಿಂದ ಕಫೀಲನಿಗೆ, ಅಂದರೆ ಅವನ ವೀಸಾದ ಮಾಲೀಕನಿಗೆ, ‘ಹುರೂಬ್’ ಹಾಕುವ ದಾರಿ ತೆರೆದುಕೊಳ್ಳುತ್ತದೆ. ಹುರೂಬ್ ಎಂದರೆ ‘ನನ್ನ ಕೆಲಸಗಾರ ಪರಾರಿಯಾಗಿದ್ದಾನೆ’ ಎಂದು ಸರ್ಕಾರಕ್ಕೆ ಕೊಡುವ ವರದಿ. ಅದು ಬಿತ್ತೆಂದರೆ ಅವನ ಇಕಾಮಾ, ಅಲ್ಲಿನ ವಾಸದ ಪರವಾನಗಿ, ಕೆಲಸಕ್ಕೆ ಬಾರದ ಕಾರ್ಡು. ಸಿಕ್ಕಿಬಿದ್ದರೆ ತರ್ಹೀಲ್, ಎಂದರೆ ಗಡೀಪಾರು ಕೇಂದ್ರ. ನಾಲ್ಕು ತಿಂಗಳ ಪಗಾರ ಬಾಕಿ ಇಟ್ಟುಕೊಂಡ ಮಾಲೀಕ ಇವತ್ತು ತಪ್ಪಿತಸ್ಥ. ನಿಮ್ಮ ತಮ್ಮ ಓಡಿದ ಮರುದಿನ ಅವನೇ ಫಿರ್ಯಾದುದಾರ.

ಹೊಡೆತ, ಕೂಡಿಹಾಕುವುದು, ಅನ್ನ ನೀರು ಕೊಡದಿರುವುದು, ಜೀವಕ್ಕೆ ಅಪಾಯ, ಇವು ಇದ್ದರೆ ಮಾತು ಬೇರೆ. ಆಗ ಹೊರಗೆ ಬರಲೇಬೇಕು. ಆದರೆ ಬಂದವನು ಸೀದಾ ಪೊಲೀಸ್ ಠಾಣೆಗೋ ಭಾರತದ ರಾಯಭಾರ ಕಚೇರಿಗೋ ಹೋಗಬೇಕೇ ಹೊರತು ಇನ್ನೊಬ್ಬನ ಗ್ಯಾರೇಜಿಗಲ್ಲ. ದೂರು ಕೊಡಲು ಮನೆ ಬಿಟ್ಟವನಿಗೂ ಕೆಲಸ ಹುಡುಕಲು ಮನೆ ಬಿಟ್ಟವನಿಗೂ ಮುಂದೆ ವ್ಯಾಜ್ಯದಲ್ಲಿ ಸಿಗುವ ಬೆಲೆ ಒಂದೇ ಅಲ್ಲ. ಹೊರಡುವ ಮುಂಚೆ ರಾಯಭಾರ ಕಚೇರಿಗೆ ಒಂದು ಇಮೇಲ್ ಹೋಗಿದ್ದರೆ ಅದೇ ಅವನಿಗೆ ಸಾಕ್ಷಿ.

ಈಗ ಇಕಾಮಾದ ಫೋಟೋ ತರಿಸಿ, ಎರಡೂ ಬದಿ. ಅದರಲ್ಲಿ ‘ಮಿಹ್ನಾ’, ಅಂದರೆ ವೃತ್ತಿ, ಎಂಬ ಸಾಲಿನಲ್ಲಿ ಏನು ಬರೆದಿದೆ ಎಂಬುದರ ಮೇಲೆ ಮುಂದಿನ ಅರ್ಧ ಕಥೆ ನಿಂತಿದೆ. ಅರಬ್ಬಿ ಓದಲು ಬರುವವರು ನಿಮ್ಮ ಸವಣೂರಲ್ಲೇ ಸಿಗುತ್ತಾರೆ, ಮದರಸಾದ ಮೌಲಾನಾ ಸಾಹೇಬರನ್ನು ಕೇಳಿ. ನನ್ನ ಅಂದಾಜಿನ ಪ್ರಕಾರ ಅಲ್ಲಿ ‘ಸಾಯಿಕ್ ಖಾಸ್’, ಖಾಸಗಿ ಡ್ರೈವರ್, ಎಂದಿರುತ್ತದೆ. ಹಾಗಿದ್ದರೆ ಅವನು ಸೌದಿ ಕಾರ್ಮಿಕ ಕಾನೂನಿನ ಕೆಳಗೆ ಬರುವುದೇ ಇಲ್ಲ. ಅಡುಗೆಯವರು, ಮನೆಗೆಲಸದವರು, ಮನೆಯ ಡ್ರೈವರ್ ಎಲ್ಲರೂ ಅಲ್ಲಿ ಒಂದೇ ಬುಟ್ಟಿ, ಅವರಿಗೆ ಬೇರೆ ನಿಯಮಾವಳಿ. 2021ರ ಮಾರ್ಚ್‌ನಲ್ಲಿ ಸೌದಿ ಸರ್ಕಾರ ಕಫಾಲಾ ಪದ್ಧತಿ, ಅಂದರೆ ಕೆಲಸಗಾರನನ್ನು ಕಫೀಲನಿಗೆ ಕಟ್ಟಿಹಾಕುವ ವ್ಯವಸ್ಥೆ, ಸಡಿಲಿಸಿದ್ದು, ಒಂದು ವರ್ಷದ ಮೇಲೆ ಮಾಲೀಕನ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಬಹುದು ಎಂದದ್ದು ನಮ್ಮ ಪತ್ರಿಕೆಗಳಲ್ಲೂ ಬಂತು. ಆ ಸುಧಾರಣೆಯಿಂದ ಮನೆ ಡ್ರೈವರ್, ಮನೆಗೆಲಸದವರು, ಕುರಿ ಒಂಟೆ ಕಾಯುವವರು, ತೋಟದವರು ಹೊರಗೇ ಉಳಿದರು. ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದವರನ್ನೇ ಬಿಟ್ಟು ಮಾಡಿದ ಸುಧಾರಣೆ ಅದು. ಏಜೆಂಟರು ಆ ಸುದ್ದಿಯನ್ನೇ ಹಿಡಿದು ‘ಈಗ ಸೌದಿ ಓಪನ್ ಆಗೇತ್ರಿ’ ಎಂದು ಮನೆ ಡ್ರೈವರ್ ವೀಸಾ ಮಾರುತ್ತಾರೆ.

‘ಆಜಾದ್ ವೀಸಾ’ ಎಂಬುದು ಯಾವ ದೇಶದ ಕಾನೂನಿನಲ್ಲೂ ಇಲ್ಲ. ಯಾರದೋ ಹೆಸರಲ್ಲಿ ವೀಸಾ ಎಬ್ಬಿಸಿ, ಹೊರಗೆ ಎಲ್ಲಾದರೂ ದುಡಿದುಕೋ, ತಿಂಗಳಿಗೆ ಇಷ್ಟು ನನಗೆ ಕೊಡು ಎನ್ನುವ ಕಳ್ಳ ವ್ಯವಹಾರಕ್ಕೆ ಇಟ್ಟ ಹೆಸರು ಅದು. ನಿಮ್ಮ ತಮ್ಮನ ಮಟ್ಟಿಗೆ ಅದೂ ಆಗಿಲ್ಲ, ಕಫೀಲ ಅವನನ್ನು ತಾನೇ ಇಟ್ಟುಕೊಂಡು ದುಡಿಸುತ್ತಿದ್ದಾನೆ. ಒಂದು ಲೆಕ್ಕದಲ್ಲಿ ಇದು ಒಳ್ಳೆಯದೇ. ಯಾರ ಮನೆಯಲ್ಲಿ ದುಡಿದ, ಯಾರು ಪಗಾರ ಕೊಡಬೇಕು ಎಂಬುದರಲ್ಲಿ ಗೊಂದಲ ಇಲ್ಲ.

ಕಾರ್ಮಿಕ ಕಾನೂನು ಅನ್ವಯಿಸದಿದ್ದರೂ ಅವನ ಕೈ ಪೂರ್ತಿ ಖಾಲಿ ಇಲ್ಲ. ಮನೆಗೆಲಸದವರ ನಿಯಮಾವಳಿ ಸೌದಿಯಲ್ಲಿ 2013ರಲ್ಲಿ ಬಂತು, 2024ರಲ್ಲಿ ಹೊಸದಾಯಿತು. ಅದರ ಪ್ರಕಾರ ಪಗಾರ ತಿಂಗಳು ತಿಂಗಳು ಕೊಡಬೇಕು, ವಾರಕ್ಕೊಂದು ದಿನ ರಜೆ ಇರಬೇಕು, ಒಪ್ಪಂದದಲ್ಲಿಲ್ಲದ ಕೆಲಸಕ್ಕೆ ಹಚ್ಚುವಂತಿಲ್ಲ. ಡ್ರೈವರನನ್ನು ಒಂಟೆ ಹಿಂದೆ ಕಳಿಸುವುದು ಅಲ್ಲಿನ ನಿಯಮದಲ್ಲೇ ತಪ್ಪು. ಪಾಸ್‌ಪೋರ್ಟ್ ಇಟ್ಟುಕೊಳ್ಳುವುದೂ ನಿಷಿದ್ಧ, ಆದರೂ ಇಟ್ಟುಕೊಳ್ಳುತ್ತಾರೆ, ಅದು ಅಲ್ಲಿ ರೂಢಿ. ಎಲ್ಲಕ್ಕಿಂತ ಮುಖ್ಯವಾದದ್ದು, ಮೂರು ತಿಂಗಳ ಪಗಾರ ಕೊಡದಿದ್ದರೆ ಕಫೀಲನ ಒಪ್ಪಿಗೆ ಇಲ್ಲದೆಯೇ ಬೇರೆ ಮಾಲೀಕನ ಹೆಸರಿಗೆ ವರ್ಗ ಕೇಳಲು ಮನೆಗೆಲಸದವರಿಗೂ ಅವಕಾಶವಿದೆ. ನಿಮ್ಮ ತಮ್ಮನದು ನಾಲ್ಕು ತಿಂಗಳು. ರಿಯಾದ್‌ನ ಪರಿಚಯದವರು ನಿಜವಾಗಿಯೂ ಕೆಲಸ ಕೊಡಿಸುವವರೇ ಆಗಿದ್ದರೆ ಅವರಿಗೆ ಹೇಳಿ, ಕದ್ದು ಓಡಿಸುವುದು ಬೇಡ, ಕಾಗದದ ಮೇಲೆ ವರ್ಗ ಮಾಡಿಸಿಕೊಳ್ಳುವ ಮಾಲೀಕನನ್ನು ಹುಡುಕಲಿ. ಅಂಥವನು ಸಿಕ್ಕರೆ ನಿಮ್ಮ ತಮ್ಮ ಬರಿಗೈಯಲ್ಲಿ ಊರಿಗೆ ಬರಬೇಕಾಗಿಯೇ ಇಲ್ಲ.

ದೂರು ಕೊಡುವ ಜಾಗ ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯದ ಕಚೇರಿ, ನಮ್ಮ ಜನ ‘ಮಕ್ತಬ್ ಅಮಲ್’ ಎನ್ನುತ್ತಾರೆ. ಮನೆಗೆಲಸದವರ ತಕರಾರಿಗೆ ಅಲ್ಲಿ ಪ್ರತ್ಯೇಕ ಸಮಿತಿ ಇದೆ. ಭಾಷೆ ಬಾರದ ಹುಡುಗ ಒಬ್ಬನೇ ಹೋಗಿ ಗೆದ್ದು ಬರುವ ಜಾಗ ಅಲ್ಲ ಅದು, ನಿಜ. ಅದಕ್ಕೇ ರಾಯಭಾರ ಕಚೇರಿ ಬೇಕು. ಬುರೈದಾ ಇರುವುದು ಖಸೀಮ್ ಪ್ರಾಂತ್ಯದಲ್ಲಿ, ಅದು ರಿಯಾದ್ ಕಚೇರಿಯ ವ್ಯಾಪ್ತಿ, ಜಿದ್ದಾದ್ದಲ್ಲ. ತಪ್ಪಿ ಜಿದ್ದಾಕ್ಕೆ ಬರೆದರೆ ಪತ್ರ ತಿರುಗುವುದರಲ್ಲೇ ದಿನ ಹೋಗುತ್ತದೆ.

ಇನ್ನು ನೀವು ಮಾಡಬೇಕಾದ್ದು. ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಊರಲ್ಲಿರುವ ಮನೆಯವರೇ ದೂರು ದಾಖಲಿಸಬಹುದು, 2015ರಿಂದ ಈ ಸೌಲಭ್ಯ ಇದೆ. ಪಾಸ್‌ಪೋರ್ಟ್ ನಂಬರ್, ಅವನಿರುವ ಜಾಗ, ಕಫೀಲನ ಹೆಸರು ಮತ್ತು ಫೋನ್ ಬೇಕು. ದೂರು ಬರೆಯುವಾಗ ನಮ್ಮವರು ಒಂದು ಪುಟ ಗೋಳು ಬರೆದು ಕೊನೆಗೆ ‘ದಯವಿಟ್ಟು ಕರೆಸಿಕೊಡಿ’ ಎನ್ನುತ್ತಾರೆ. ಹಾಗೆ ಬರೆದರೆ ಕಚೇರಿ ಕರೆಸಿಕೊಡುವುದನ್ನಷ್ಟೇ ನೋಡುತ್ತದೆ, ಪಗಾರ ಅಲ್ಲೇ ಉಳಿಯುತ್ತದೆ. ನಿಮ್ಮ ಬೇಡಿಕೆ ಅಂಕಿಯಲ್ಲಿರಲಿ: ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ನಾಲ್ಕು ತಿಂಗಳ ಪಗಾರ, ತಿಂಗಳಿಗೆ 1,200ರಂತೆ 4,800 ರಿಯಾಲ್ ಬಾಕಿ, ಪಾಸ್‌ಪೋರ್ಟ್ ವಾಪಸ್, ಒಪ್ಪಂದದಲ್ಲಿಲ್ಲದ ಕೆಲಸ ನಿಲ್ಲಬೇಕು, ಮಾಲೀಕ ಒಪ್ಪದಿದ್ದರೆ ವರ್ಗ, ಅದೂ ಆಗದಿದ್ದರೆ ಬಾಕಿ ಚುಕ್ತಾ ಮಾಡಿ ಮರಳಿ ಕಳಿಸಬೇಕು. ಈ ಕ್ರಮದಲ್ಲೇ ಬರೆಯಿರಿ. ಒಪ್ಪಂದದಲ್ಲಿ 1,200ಕ್ಕಿಂತ ಹೆಚ್ಚು ಇರುವುದು ಗೊತ್ತಾದರೆ ಅಂಕಿ ಬದಲಿಸಿ. ದೂರವಾಣಿಯಲ್ಲಿ ಕೇಳುವುದಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090. ರಿಯಾದ್‌ನಲ್ಲೂ ಅದರ ಕೇಂದ್ರ ಇದೆ.

ರಾಯಭಾರ ಕಚೇರಿ ಏನು ಮಾಡಲಾರದು ಎಂಬುದೂ ಗೊತ್ತಿರಲಿ. ಅವರು ಕಫೀಲನಿಗೆ ಹುಕುಂ ಮಾಡಲಾರರು, ಬಾಗಿಲು ಒಡೆದು ಪಾಸ್‌ಪೋರ್ಟ್ ತರಲಾರರು. ಮಾಲೀಕನಿಗೆ ಫೋನ್ ಮಾಡುತ್ತಾರೆ, ಸಚಿವಾಲಯಕ್ಕೆ ಬರೆಯುತ್ತಾರೆ, ದುಭಾಷಿ ಕೊಡುತ್ತಾರೆ. ಕೈಯಲ್ಲಿ ಏನೂ ಇಲ್ಲದವರಿಗೆ ವಸತಿ, ಟಿಕೆಟ್, ಕಾನೂನು ನೆರವು ಕೊಡಲು 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ‘ಮಾಡ್ತೀವಿ’ ಎಂದು ಹೇಳಿ ಸುಮ್ಮನಾಗುವುದೂ ಉಂಟು. ವಾರಕ್ಕೊಮ್ಮೆ ಅದೇ ದೂರಿನ ನಂಬರ್ ಹಾಕಿ ನೆನಪಿಸಿ, ಹೊಸ ಹೊಸ ದೂರು ಕೊಡಬೇಡಿ. ಸಂಸದರ ಕಚೇರಿಯಿಂದ ಒಂದು ಪತ್ರ ಹೋದರೆ ವೇಗ ಹೆಚ್ಚುತ್ತದೆ, ಸಂಕೋಚ ಪಡಬೇಡಿ. ಆದರೆ ಮದದ್ ನಂಬರ್ ಇಲ್ಲದ ಸಂಸದರ ಪತ್ರ ಬರೀ ಪತ್ರ.

ನಿಮ್ಮ ನಿಜವಾದ ಬಲ ಇರುವುದು ಬುರೈದಾದಲ್ಲಲ್ಲ, ಇಲ್ಲಿಯೇ. ಇದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ನಿಮ್ಮ ತಮ್ಮ ಹತ್ತನೇ ತರಗತಿ ಪಾಸಾಗಿಲ್ಲ, ಹಾಗಾಗಿ ಅವನ ಪಾಸ್‌ಪೋರ್ಟ್ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ವಲಸೆ ತಪಾಸಣೆ ಬೇಕಾದ) ವರ್ಗದ್ದು. ಅಂಥವರು ಸೌದಿ, ಕುವೈತ್, ಯುಎಇ, ಒಮಾನ್, ಮಲೇಷ್ಯಾ ಮೊದಲಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ‘ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್’ ಎಂಬ ಕೇಂದ್ರ ಸರ್ಕಾರದ ಅಧಿಕಾರಿಯ ಅನುಮತಿ ಬೇಕೇ ಬೇಕು. ಅದಿಲ್ಲದೆ ಕೆಲಸದ ವೀಸಾ ಮೇಲೆ ಮುಂಬೈ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರ್ ದಾಟಲು ಬಿಡುವುದಿಲ್ಲ. ನಿಮ್ಮ ತಮ್ಮ ದಾಟಿದ್ದಾನೆ. ಅಂದಮೇಲೆ ‘ಇ-ಮೈಗ್ರೇಟ್’ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ಅವನ ಹೆಸರಲ್ಲಿ ಒಂದು ದಾಖಲೆ ಇರಬೇಕು: ಯಾವ ಪರವಾನಗಿದಾರ ಏಜೆಂಟ್ ಕಳಿಸಿದ, ಕಫೀಲ ಯಾರು, ಹುದ್ದೆ ಏನು, ಪಗಾರ ಎಷ್ಟು, ಎಲ್ಲ ಇರುವ ಒಪ್ಪಂದದೊಂದಿಗೆ.

ಹುಬ್ಬಳ್ಳಿಯಲ್ಲಿ ನೀವು ನೋಡಿದವನು ಬಹುಶಃ ಸಬ್ ಏಜೆಂಟ್. ಕಾನೂನು ಅವನನ್ನು ಗುರುತಿಸುವುದೇ ಇಲ್ಲ, ನೋಂದಣಿ ಇಲ್ಲದೆ ವಿದೇಶಕ್ಕೆ ಜನ ಕಳಿಸುವುದು 1983ರ ಎಮಿಗ್ರೇಷನ್ ಕಾಯ್ದೆಯ 10ನೇ ಕಲಮಿನ ಪ್ರಕಾರ ನಿಷಿದ್ಧ. ಅವನ ಹಿಂದೆ ಮುಂಬೈಯಲ್ಲೋ ಬೇರೆಲ್ಲೋ ಪರವಾನಗಿ ಇರುವ ಒಂದು ಕಚೇರಿ ಇರುತ್ತದೆ. ಅದು ಸರ್ಕಾರದಲ್ಲಿ ಬ್ಯಾಂಕ್ ಗ್ಯಾರಂಟಿ ಇಟ್ಟಿರುತ್ತದೆ, ಪರವಾನಗಿ ಹೋದರೆ ಅದರ ಧಂದೆಯೇ ಮುಳುಗುತ್ತದೆ. ಫೋನ್ ಎತ್ತದ ಹುಬ್ಬಳ್ಳಿಯವನನ್ನು ಹುಡುಕುತ್ತಾ ಗಲ್ಲಿ ಗಲ್ಲಿ ಅಲೆಯುವ ಬದಲು ಆ ಕಚೇರಿಯ ಹೆಸರು ಹುಡುಕಿ. ತಮ್ಮ ಹೋಗುವಾಗ ಕೊಟ್ಟ ಕಾಗದಗಳನ್ನು ಮತ್ತೆ ನೋಡಿ. ಅನುಮತಿಯ ಪ್ರತಿ, ವಿಮೆಯ ಪ್ರಮಾಣಪತ್ರ, ಒಪ್ಪಂದ, ಯಾವುದಾದರೊಂದರಲ್ಲಿ ಆ ಹೆಸರು ಇರುತ್ತದೆ. ಮೊಬೈಲಿನ ವಾಟ್ಸಾಪ್‌ನಲ್ಲಿ ಪಿಡಿಎಫ್ ಆಗಿ ಬಂದು ಯಾರೂ ತೆರೆಯದೇ ಬಿಟ್ಟಿರುವುದೇ ಹೆಚ್ಚು. ಸಿಗದಿದ್ದರೆ ತಮ್ಮನಿಂದಲೇ, ಪಾಸ್‌ಪೋರ್ಟ್ ನಂಬರ್ ಹಾಕಿ, ಬೆಂಗಳೂರಿನ ಪ್ರೊಟೆಕ್ಟರ್ ಕಚೇರಿಗೆ ಇಮೇಲ್ ಮಾಡಿಸಿ: ‘ನನ್ನ ಅನುಮತಿ ದಾಖಲೆ ಮತ್ತು ಒಪ್ಪಂದದ ಪ್ರತಿ ಕೊಡಿ’. ಅವನ ಹೆಸರಿನ ದಾಖಲೆ ಅವನೇ ಕೇಳಿದರೆ ‘ನೀವು ಯಾರು’ ಎಂಬ ತಕರಾರು ಬರುವುದಿಲ್ಲ.

ದಾಖಲೆ ಸಿಕ್ಕಿತು ಎಂದುಕೊಳ್ಳಿ. ಅದರಲ್ಲಿ ಪಗಾರ ಎಷ್ಟು ಬರೆದಿದೆ ನೋಡಿ. 1,800 ಇದ್ದರೆ ಅದನ್ನು ಕೊಡಿಸುವ ಜವಾಬ್ದಾರಿಯಿಂದ ಪರವಾನಗಿದಾರ ತಪ್ಪಿಸಿಕೊಳ್ಳುವುದು ಕಷ್ಟ. 1,200 ಇದ್ದು, ಹುದ್ದೆ ಮನೆ ಡ್ರೈವರ್ ಎಂದೇ ಇದ್ದರೆ ಮೋಸ ಇಲ್ಲೇ, ನಿಮಗೆ ಮಾತು ಕೊಡುವಾಗಲೇ ಆಗಿದೆ. ಎರಡರಲ್ಲಿ ಯಾವುದು ಎಂದು ತಿಳಿಯದೆ ದೂರು ಬರೆದರೆ ಎದುರಿನವನು ನಿಮ್ಮ ದೂರನ್ನೇ ನಿಮಗೆ ತಿರುಗಿಸುತ್ತಾನೆ. ದೂರನ್ನು ಇ-ಮೈಗ್ರೇಟ್‌ನಲ್ಲಿ ಆ ಪರವಾನಗಿದಾರನ ಮೇಲೆ ಹಾಕಿ, ಪ್ರತಿಯನ್ನು ಬೆಂಗಳೂರಿನ ಪ್ರೊಟೆಕ್ಟರ್ ಕಚೇರಿಗೂ ಆ ಏಜೆಂಟ್ ಇರುವ ಊರಿನ ಪ್ರೊಟೆಕ್ಟರ್ ಕಚೇರಿಗೂ ಕಳಿಸಿ. ಸೇವಾ ಶುಲ್ಕದ ವಿಷಯ ಮರೆಯದೆ ಬರೆಯಿರಿ: ನಿಯಮದ ಪ್ರಕಾರ ಕಾರ್ಮಿಕನಿಂದ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಒಟ್ಟು 35,400ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ನಿಮ್ಮ ಕೈಯಲ್ಲಿರುವ ಫೋನ್‌ಪೇ ದಾಖಲೆಯೊಂದೇ 60,000 ತೋರಿಸುತ್ತದೆ. ಪರವಾನಗಿ ಅಮಾನತಾಗುವ ಭಯ ಹುಟ್ಟಿದರೆ ಮುಂಬೈಯಿಂದ ಬುರೈದಾಕ್ಕೆ ಫೋನ್ ಹೋಗುತ್ತದೆ. ರಾಯಭಾರ ಕಚೇರಿಯ ಪತ್ರಕ್ಕಿಂತ ಆ ಫೋನು ಬೇಗ ಕೆಲಸ ಮಾಡಿದ ಉದಾಹರಣೆಗಳನ್ನು ನಾನು ನೋಡಿದ್ದೇನೆ. ಏಕೆಂದರೆ ನಾಳೆ ಇನ್ನೊಬ್ಬ ಡ್ರೈವರ್ ಬೇಕಾದರೆ ಆ ಕಫೀಲನ ಕಡೆಯವರು ಮತ್ತೆ ಇವರ ಬಳಿಯೇ ಬರಬೇಕು.

ಇಸಿಆರ್ ಅನುಮತಿ ಪಡೆದು ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಸತ್ತರೆ 10 ಲಕ್ಷ ಎಂಬುದಷ್ಟೇ ಜನರಿಗೆ ಗೊತ್ತು, ಅದೂ ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ. ಅದೇ ವಿಮೆಯಲ್ಲಿ ಇನ್ನೊಂದು ಕಲಮಿದೆ: ಒಪ್ಪಂದವನ್ನು ಕಾರ್ಮಿಕನಿಗೆ ನಷ್ಟವಾಗುವಂತೆ ಬದಲಿಸಿದ್ದರೆ ಮರಳಿ ಬರುವ ಟಿಕೆಟ್ಟಿನ ಹಣ ಸಿಗುತ್ತದೆ. ವಿದೇಶದ ಕೆಲಸಕ್ಕೆ ಸಂಬಂಧಿಸಿದ ವ್ಯಾಜ್ಯದ ಖರ್ಚಿಗೆ 45,000 ರೂಪಾಯಿವರೆಗೂ ಕೊಡುತ್ತಾರೆ. ಟಿಕೆಟ್ ಹಣಕ್ಕೆ ರಾಯಭಾರ ಕಚೇರಿಯ ದೃಢೀಕರಣ ಬೇಕು, ಬಂದ ಮೇಲೆ 90 ದಿನದೊಳಗೆ ಅರ್ಜಿ ಹಾಕಬೇಕು. ಅಲ್ಲಿರುವಾಗಲೇ ಆ ಒಂದು ಪತ್ರ ಬರೆಸಿಕೊಳ್ಳದೆ ಬಂದವರು ಇಲ್ಲಿ ಬಂದು ಎಷ್ಟು ಅಲೆದರೂ ಪ್ರಯೋಜನವಿಲ್ಲ.

ತಾಯಿಯವರ ಮಾತಿಗೆ ಬರುತ್ತೇನೆ. ‘ರೊಕ್ಕ ಹೋದ್ರ ಹೋಗ್ಲಿ’ ಎಂಬ ಮಾತು ಕಫೀಲನ ಕಿವಿಗೂ ಬಿದ್ದಿರುತ್ತದೆ, ಅವನು ಕಾಯುವುದೂ ಅದಕ್ಕೇ. ನಾಲ್ಕೈದು ತಿಂಗಳು ಸತಾಯಿಸಿ ಒಂದು ದಿನ ‘ಆಯ್ತು, ಖುರೂಜ್ ಹಾಕ್ತೀನಿ, ಊರಿಗೆ ಹೋಗು’ ಎನ್ನುತ್ತಾನೆ. ಖುರೂಜ್ ಎಂದರೆ ಮತ್ತೆ ಬಾರದಂತೆ ಹೊರಡುವ ವೀಸಾ. ಅದಕ್ಕೂ ಮುಂಚೆ ಒಂದು ಅರಬ್ಬಿ ಕಾಗದಕ್ಕೆ ಸಹಿ, ಹೆಬ್ಬೆಟ್ಟು. ಅದರಲ್ಲಿ ‘ನನ್ನ ಎಲ್ಲ ಬಾಕಿ ಮುಟ್ಟಿದೆ, ಯಾವ ತಕರಾರೂ ಇಲ್ಲ’ ಎಂದಿರುತ್ತದೆ. ಊರಿಗೆ ಹೋಗುವ ಖುಷಿಯಲ್ಲಿ ಹುಡುಗರು ಒತ್ತುತ್ತಾರೆ, ಒಂದು ಲಕ್ಷಕ್ಕೂ ಮಿಕ್ಕಿದ ಪಗಾರ ಅಲ್ಲಿಗೇ ಮುಗಿಯಿತು. ತಮ್ಮನಿಗೆ ಹೇಳಿಡಿ: ಓದಲು ಬಾರದ ಕಾಗದಕ್ಕೆ ಸಹಿ ಹಾಕುವ ಮುಂಚೆ ಫೋಟೋ ತೆಗೆದು ಕಳಿಸಲಿ. ಹಾಕಲೇಬೇಕಾಗಿ ಬಂದರೆ ಪಕ್ಕದಲ್ಲಿ ಕನ್ನಡದಲ್ಲೇ ‘ಪಗಾರ ಬಂದಿಲ್ಲ’ ಎಂದು ಬರೆದು ಸಹಿ ಹಾಕಲಿ. ಇದು ಕೋರ್ಟಿನಲ್ಲಿ ಗೆಲ್ಲಿಸಿಯೇ ಬಿಡುತ್ತದೆ ಎಂದಲ್ಲ, ಪೂರ್ತಿ ಸೋಲುವುದನ್ನು ತಪ್ಪಿಸಬಹುದು. ಬಾಕಿ ಇರುವಾಗಲೇ ಬರಬೇಕಾಗಿ ಬಂದರೆ ರಾಯಭಾರ ಕಚೇರಿಯಲ್ಲಿ ತನ್ನ ಪರವಾಗಿ ವಸೂಲಿಗೆ ಅಧಿಕಾರಪತ್ರ ಬರೆದುಕೊಟ್ಟು ಬರಲಿ.

ಅಷ್ಟರೊಳಗೆ ಅವನು ದಿನಚರಿ ಇಡಲಿ. ಎಷ್ಟು ಹೊತ್ತಿಗೆ ಗಾಡಿ ತೆಗೆದ, ಎಲ್ಲಿಗೆ ಹೋದ, ಯಾವಾಗ ತೋಟ, ಯಾವಾಗ ಒಂಟೆ. ಪಗಾರ ಕೇಳಿದಾಗ ಮಾಲೀಕ ಕಳಿಸಿದ ವಾಯ್ಸ್ ಮೆಸೇಜ್‌ಗಳನ್ನು ಅಳಿಸದೆ ನಿಮಗೆ ಫಾರ್ವರ್ಡ್ ಮಾಡಲಿ, ಲೊಕೇಶನ್ ಕಳಿಸಲಿ. ನನ್ನ ಹತ್ತಿರ ಬರುವ ಮನೆಯವರು ಹುಡುಗನ ಫೋಟೋ ತರುತ್ತಾರೆ, ಅಳುತ್ತಾರೆ, ಕಫೀಲನ ಪೂರ್ತಿ ಹೆಸರು ಕೇಳಿದರೆ ‘ಅಬ್ದುಲ್ಲಾ ಅಂತ್ರಿ’ ಎನ್ನುತ್ತಾರೆ. ಸೌದಿಯಲ್ಲಿ ಅಬ್ದುಲ್ಲಾ ಎಂದು ಹುಡುಕಿದರೆ ಹಾವೇರಿ ಜಿಲ್ಲೆಯಲ್ಲಿ ಬಸವರಾಜ ಎಂದು ಹುಡುಕಿದಂತೆ.

ಪೊಲೀಸ್ ವಿಷಯ. ಸವಣೂರು ಠಾಣೆಯಲ್ಲಿ ‘ರೊಕ್ಕ ಕೊಟ್ಟಿದ್ದು ಹುಬ್ಬಳ್ಳಿಯಾಗ, ಅಲ್ಲೇ ಹೋಗ್ರಿ’ ಎನ್ನಬಹುದು, ಹುಬ್ಬಳ್ಳಿಯಲ್ಲಿ ‘ಇದು ಸಿವಿಲ್ ಮ್ಯಾಟರ್’ ಎನ್ನಬಹುದು. ಎರಡೂ ಸರಿಯಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಎನ್ನುತ್ತದೆ. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ. ದೂರಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ 318(4), ಅಂದರೆ ಮೋಸ, ಮತ್ತು ಎಮಿಗ್ರೇಷನ್ ಕಾಯ್ದೆಯ 10 ಮತ್ತು 24ನೇ ಕಲಮು ಎರಡನ್ನೂ ಬರೆಸಿ. ಎಮಿಗ್ರೇಷನ್ ಕಾಯ್ದೆಯಡಿ ಮೊಕದ್ದಮೆ ಹೂಡಲು ಕೇಂದ್ರ ಸರ್ಕಾರದ ಮಂಜೂರಾತಿ ಬೇಕು ಎಂದು ಠಾಣೆಯಲ್ಲಿ ಕೈ ತೊಳೆದುಕೊಳ್ಳುವುದುಂಟು. 27ನೇ ಕಲಮನ್ನು ಪೂರ್ತಿ ಓದಿಸಿ. ವಲಸೆ ಹೋದವನೇ, ಅಥವಾ ಅವನ ಪರವಾಗಿ ತಂದೆ, ತಾಯಿ, ಹೆಂಡತಿ, ಅಣ್ಣ ತಮ್ಮ, ಅಕ್ಕ ತಂಗಿ ದೂರು ಕೊಟ್ಟರೆ ಆ ಮಂಜೂರಾತಿ ಬೇಕಾಗಿಲ್ಲ ಎಂದು ಅದರಲ್ಲೇ ಇದೆ. ನೀವು ಅಣ್ಣ, ಸಾಕು. ಈ ಕಾಯ್ದೆಯ ಶಿಕ್ಷೆ ಎರಡು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ. 1983ರ ಎರಡು ಸಾವಿರ! ಒಂದು ಲಕ್ಷ ನುಂಗಿದವನಿಗೆ ಅದು ಚಹಾ ಖರ್ಚು. ಹೊಸ ಕಾಯ್ದೆಗೆ 2019ರಲ್ಲಿ, ಮತ್ತೆ 2021ರಲ್ಲಿ ಕರಡು ಬಂದವು, ಎರಡೂ ಕಾಯ್ದೆಯಾಗಲಿಲ್ಲ. ಅದಕ್ಕೇ ಮೋಸದ ಕಲಮನ್ನು ಬಿಡಬೇಡಿ, ಅದರಲ್ಲಿ ಏಳು ವರ್ಷದವರೆಗೆ ಇದೆ.

ದೂರು ದಾಖಲಾದ ಮೇಲೆ ಏಜೆಂಟನ ಫೋನ್ ತಾನಾಗಿಯೇ ಬರುತ್ತದೆ. ಹಿರಿಯರನ್ನು ಕೂಡಿಸಿ ‘ಅರ್ಧ ಕೊಡ್ತೀನಿ, ಕೇಸ್ ವಾಪಸ್ ತಗೋರಿ’ ಎನ್ನುತ್ತಾನೆ. ಹಣ ಬಂದರೆ ಬ್ಯಾಂಕ್ ಮೂಲಕವೇ ತೆಗೆದುಕೊಳ್ಳಿ. ತಮ್ಮ ಊರು ಮುಟ್ಟುವ ತನಕ ‘ತಕರಾರಿಲ್ಲ’ ಎಂಬ ಕಾಗದ ಬರೆದುಕೊಡಬೇಡಿ. ವಕೀಲರ ಖರ್ಚಿನ ಚಿಂತೆ ಇದ್ದರೆ ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಾಯಿಯವರ ಹೆಸರಲ್ಲಿ ಅರ್ಜಿ ಕೊಡಿ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.

ಸಾಲದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. 1.40 ಲಕ್ಷಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ 4,200. ತಮ್ಮ ಅಲ್ಲಿ ಕಚ್ಚಿಕೊಂಡು ಕೂತಿರುವುದು ಕಫೀಲನಿಗೆ ಹೆದರಿಯಲ್ಲ, ಈ ಬಡ್ಡಿಗೆ ಹೆದರಿ. ರಿಯಾದ್‌ಗೆ ಓಡಬೇಕು ಎನಿಸುವುದೂ ಇದಕ್ಕೇ. ಕರಾವಳಿಯವರಿಗೆ, ಭಟ್ಕಳ ಮಂಗಳೂರಿನವರಿಗೆ, ಗಲ್ಫ್‌ನಲ್ಲಿ ಎರಡು ಮೂರು ತಲೆಮಾರಿನ ನೆಂಟರಿಷ್ಟರಿದ್ದಾರೆ. ಸಂಕಟ ಬಂದರೆ ಒಂದು ರಾತ್ರಿ ಮಲಗಲು ಜಾಗ, ಒಂದು ಟಿಕೆಟ್ ಆಗುತ್ತದೆ. ನಮ್ಮ ಹಾವೇರಿ, ಗದಗ ಕಡೆಯ ಹುಡುಗರಿಗೆ ಅಲ್ಲಿ ಇರುವುದು ಸಾಲವೊಂದೇ. ಕಾಗದ ಮಾಡಿಕೊಟ್ಟಿದ್ದು ಅಡವೋ, ಖರೀದಿಯೋ ಎಂದು ಮೊದಲು ನೋಡಿ. ಅಡವು ಎಂದು ಬಾಯಲ್ಲಿ ಹೇಳಿ ಖರೀದಿ ಪತ್ರ ಮಾಡಿಸಿಕೊಳ್ಳುವ ಚಾಳಿ ನಮ್ಮ ಕಡೆ ಇದೆ. ವಿಪರೀತ ಬಡ್ಡಿ ವಿಧಿಸುವುದನ್ನು ನಿಷೇಧಿಸಿ ಕರ್ನಾಟಕದಲ್ಲಿ 2004ರಲ್ಲೇ ಕಾನೂನು ಬಂದಿದೆ. ಸಾಹುಕಾರನ ಮೇಲೆ ಕೇಸ್ ಹಾಕಿ ಎನ್ನುತ್ತಿಲ್ಲ. ಆ ಕಾನೂನು ಇದೆ ಎಂದು ಗೊತ್ತಿರುವವರೊಬ್ಬರನ್ನು ಕರೆದುಕೊಂಡು ಹೋಗಿ ಬಡ್ಡಿ ಇಳಿಸುವ ಮಾತಾಡಿ. ತಮ್ಮನಿಗೆ ‘ಇಲ್ಲಿ ಆರು ತಿಂಗಳು ನಾವು ತಡಕೋತೀವಿ’ ಎಂದು ಧೈರ್ಯ ಹೇಳಿದರೆ ಅವನು ದುಡುಕುವುದಿಲ್ಲ.

ಸಣ್ಣ ತಮ್ಮನದು. ಅವನು ಹತ್ತನೇ ಪಾಸ್, ಪಾಸ್‌ಪೋರ್ಟಿನಲ್ಲಿ ಇಸಿಆರ್ ಮುದ್ರೆ ಇರುವುದಿಲ್ಲ, ಅನುಮತಿ ಬೇಕಿಲ್ಲ. ಜನ ಇದನ್ನು ಲಾಭ ಎಂದುಕೊಳ್ಳುತ್ತಾರೆ. ಅಣ್ಣನಿಗಿದ್ದ ದಾಖಲೆ, ಒಪ್ಪಂದದ ಪರಿಶೀಲನೆ, ಕಡ್ಡಾಯ ವಿಮೆ ಇವನಿಗೆ ಇರುವುದಿಲ್ಲ ಎಂಬುದು ಅದರ ಇನ್ನೊಂದು ಮುಖ. ಇಂಥವರೂ ಹೋಗುವ ಮುಂಚೆ ಇ-ಮೈಗ್ರೇಟ್‌ನಲ್ಲಿ ಹೆಸರು ನೋಂದಾಯಿಸುವುದನ್ನು ಕಡ್ಡಾಯ ಮಾಡಿ 2018ರ ನವೆಂಬರ್‌ನಲ್ಲಿ ಆದೇಶ ಬಂದಿತ್ತು, ಗದ್ದಲವಾಗಿ ಜಾರಿಗೆ ಮುಂಚೆಯೇ ತಡೆಹಿಡಿದರು. ಸ್ವಂತ ಇಚ್ಛೆಯಿಂದ ಮಾಡಿಸಬಹುದು, ಮಾಡಿಸಿ.

ವಿಜಿಟ್ ವೀಸಾ ಮೇಲೆ ಹೋಗಿ ಕೆಲಸ ಮಾಡುವುದು ಯುಎಇಯಲ್ಲಿ ಅಪರಾಧ. ಪರವಾನಗಿ ಇಲ್ಲದೆ ಕೆಲಸಕ್ಕಿಟ್ಟುಕೊಂಡ ಕಂಪನಿಗೆ 2024ರಲ್ಲಿ ದಂಡವನ್ನು ಕನಿಷ್ಠ ಒಂದು ಲಕ್ಷ, ಗರಿಷ್ಠ ಹತ್ತು ಲಕ್ಷ ದಿರಹಮ್‌ಗೆ ಏರಿಸಿದ್ದಾರೆ. ಹಾಗಾಗಿ ಮರ್ಯಾದಸ್ಥ ಕಂಪನಿ ಯಾವುದೂ ವಿಜಿಟ್ ವೀಸಾದವನನ್ನು ದುಡಿಸುವುದಿಲ್ಲ, ದುಡಿಸುವವರು ಪಗಾರವನ್ನೂ ಕೊಡುವುದಿಲ್ಲ. ಉಳಿದಂತೆ ಅಲ್ಲಿನ ಕಾನೂನು ಮನೆಗೆಲಸವಲ್ಲದ ಕಂಪನಿ ಕೆಲಸದವರಿಗೆ ಸೌದಿಗಿಂತ ಕೆಟ್ಟದಾಗಿಲ್ಲ. 2022ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನು ನೇಮಕಾತಿಯ ಖರ್ಚನ್ನು ಕಾರ್ಮಿಕನಿಂದ ವಸೂಲಿ ಮಾಡುವಂತಿಲ್ಲ, ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ. ಒಂದು ಲಕ್ಷ ದಿರಹಮ್‌ವರೆಗಿನ ಪಗಾರದ ವ್ಯಾಜ್ಯಕ್ಕೆ ಕೋರ್ಟ್ ಶುಲ್ಕವಿಲ್ಲ. ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲ ವೇತನ. ಆ ‘ಮೂಲ’ದಲ್ಲೇ ಏಜೆಂಟರ ಕೈಚಳಕ. 1,500 ಎಂದು ಹೇಳಿ ಒಪ್ಪಂದದಲ್ಲಿ ಮೂಲ ವೇತನ 700, ಭತ್ಯೆ 800 ಎಂದು ಒಡೆದಿರುತ್ತಾರೆ.

ಹೋಗಲೇಬಾರದು ಎಂದು ನಾನು ಹೇಳುವುದಿಲ್ಲ. ಹೊಲ ಬಿಡಿಸಲು ಯಾರಾದರೂ ದುಡಿಯಲೇಬೇಕು. ಬಂದಿರುವ ಏಜೆಂಟನಿಗೆ ನೋಂದಣಿ ನಂಬರ್ ಕೇಳಿ, ಇ-ಮೈಗ್ರೇಟ್‌ನ ಪಟ್ಟಿಯಲ್ಲಿ ಅದು ಚಾಲ್ತಿಯಲ್ಲಿದೆಯೇ ನೋಡಿ. ಅದೇ ತಾಣದಲ್ಲಿ ನೋಂದಣಿ ಇಲ್ಲದ ಏಜೆಂಟರ ಪಟ್ಟಿಯೂ ಇದೆ. ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದಡಿ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಇದೆ, ವಿದೇಶದ ಕೆಲಸಗಳಿಗೆ ಸರ್ಕಾರವೇ ಕಳಿಸುತ್ತದೆ, ಅಲ್ಲಿ ಹೆಸರು ಹಚ್ಚಿಸಿ. ಸಣ್ಣವನಿಗೆ ಕೈಯಲ್ಲಿ ಯಾವ ಕೆಲಸ ಬರುತ್ತದೆ ಎಂದು ನೀವು ಬರೆದಿಲ್ಲ. ವೆಲ್ಡಿಂಗ್, ವೈರಿಂಗ್, ಎಸಿ ರಿಪೇರಿ ಯಾವುದಾದರೂ ಐಟಿಐ ಪ್ರಮಾಣಪತ್ರ ಇದ್ದರೆ ಕೇಳುವ ಪಗಾರವೇ ಬೇರೆ. ದುಬೈಯಿಂದ ಆಫರ್ ಲೆಟರ್ ಬಂದರೆ ಹಣ ಕೊಡುವ ಮುಂಚೆ ಅದರ ಪ್ರತಿ ನನಗೆ ಕಳಿಸಿ, ಹುದ್ದೆ, ಮೂಲ ವೇತನ, ವೀಸಾ ಯಾರ ಹೆಸರಲ್ಲಿದೆ ಎಂಬ ಮೂರು ಸಾಲು ನೋಡಿ ಹೇಳುತ್ತೇನೆ. ದೊಡ್ಡವನ ಇಕಾಮಾ ಫೋಟೋ ಮಾತ್ರ ಈ ವಾರವೇ ಬರಲಿ.